ಹೂಜಿಯ ಮೈಮೇಲೆ ಫೋನ್ ನಂಬರು

ಪ್ರಶ್ನೆ: ಒಸಾಕಾದಲ್ಲಿ ಕೆಲಸದಲ್ಲಿರುವ ಮಗ, ಕ್ಯೋಟೊದ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳು 21ರಂದು ನಡೆಯುವ ಸಂತೆಯಿಂದ ಸಾಕೆ, ಅಂದರೆ ಜಪಾನಿನ ಅಕ್ಕಿ ಮದ್ಯ, ತುಂಬುವ ಮಣ್ಣಿನ ಹೂಜಿಯೊಂದನ್ನು ತಂದಿದ್ದಾನೆ. ಬೂದು ಬಣ್ಣ, ಗಿಡ್ಡ ಕತ್ತು, ಎತ್ತರ ಒಂದಡಿಗೆ ಸ್ವಲ್ಪ ಕಡಿಮೆ. ಮೈಮೇಲೆ ದಪ್ಪ ಕಪ್ಪು ಅಕ್ಷರಗಳಿವೆ. ಹಿಂಬದಿಯಲ್ಲಿ 'ದೂರವಾಣಿ 47' ಎಂದಿದೆಯಂತೆ. ಇನ್ನೂರು ವರ್ಷ ಹಳೆಯದು ಎಂದು ಮಾರಿದವರು ಹೇಳಿದ್ದಾರೆ. ನಿಜವೇ? ಒಳಗೆ ಮುಗ್ಗಲು ವಾಸನೆ ಇದೆ, ತೊಳೆಯಬಹುದೇ?
– ಓದುಗರು, ಮೈಸೂರು

ಉತ್ತರ: ಇನ್ನೂರು ವರ್ಷದ ಮಾತನ್ನು ಹೂಜಿಯೇ ಸುಳ್ಳು ಮಾಡುತ್ತಿದೆ. ಜಪಾನಿನಲ್ಲಿ ದೂರವಾಣಿ ಸೇವೆ ಶುರುವಾದದ್ದು 1890ರ ಡಿಸೆಂಬರಿನಲ್ಲಿ, ಅದೂ ಟೋಕಿಯೊ, ಯೊಕೊಹಾಮಾಗಳಲ್ಲಿ. ಎರಡೇ ಅಂಕಿಯ ನಂಬರು ನೋಡಿದರೆ ಇದು ಯಾವುದೋ ಸಣ್ಣ ಪಟ್ಟಣದ ಅಂಗಡಿಯದಿರಬೇಕು. ನೂರು ವರ್ಷದ ಆಸುಪಾಸು ಎಂದಿಟ್ಟುಕೊಳ್ಳಿ. ಅದೇನು ಕಡಿಮೆಯೇ?

ಇದಕ್ಕೆ ಕಾಯೊಯಿ-ತೊಕ್ಕುರಿ ಎನ್ನುತ್ತಾರೆ. ತೊಕ್ಕುರಿ ಎಂದರೆ ಸಾಕೆಯ ಹೂಜಿ, ಕಾಯೊಯಿ ಎಂದರೆ ಹೋಗಿ ಬರುವುದು. ಅಂಗಡಿಗೆ ಸಾಕೆ ಬರುತ್ತಿದ್ದದ್ದು 72 ಲೀಟರು ಹಿಡಿಯುವ ಮರದ ಪೀಪಾಯಿಗಳಲ್ಲಿ. ಅಷ್ಟನ್ನು ಕೊಳ್ಳುವ ಶಕ್ತಿ ಯಾರಿಗಿತ್ತು? ಅಂಗಡಿಯವನು ತನ್ನ ಹೆಸರು ಬರೆಸಿದ ಹೂಜಿಗೆ ಒಂದು ಶೋ, ಅಂದರೆ 1.8 ಲೀಟರು, ಅಳೆದು ಹಾಕಿ ಕೊಡುತ್ತಿದ್ದ. ಮುಗಿದ ಮೇಲೆ ಅದನ್ನೇ ಹಿಡಿದು ಮತ್ತೆ ಹೋಗಬೇಕು. 'ಬಡವರ ಹೂಜಿ' ಎಂಬ ಅಡ್ಡಹೆಸರೂ ಇದಕ್ಕಿದೆ. ಅಲ್ಲಿಯ ಹೋಟೆಲುಗಳ ಬಾಗಿಲಲ್ಲಿ ಹೊಟ್ಟೆ ಬಿಟ್ಟುಕೊಂಡು ನಿಂತ ತನುಕಿಯ (ನರಿಯ ಜಾತಿಯ ಒಂದು ಪ್ರಾಣಿ) ಗೊಂಬೆಯನ್ನು ನಿಮ್ಮ ಮಗ ನೋಡಿಯೇ ಇರುತ್ತಾನೆ: ಒಂದು ಕೈಯಲ್ಲಿ ಇದೇ ಹೂಜಿ, ಇನ್ನೊಂದರಲ್ಲಿ ಉದ್ದರಿ ಪುಸ್ತಕ! ಹೂಜಿ ಅಂಗಡಿಯ ಸ್ವತ್ತು, ಗಿರಾಕಿಯದಲ್ಲ. ಯಾರೋ ಹಿಂದಿರುಗಿಸದೆ ಇಟ್ಟುಕೊಂಡದ್ದರಿಂದಲೇ ನಿಮ್ಮದು ಮೈಸೂರಿನವರೆಗೆ ಬಂದಿರಲಿಕ್ಕೂ ಸಾಕು. ಗಾಜಿನ ಬಾಟಲಿ ಬಂದ ಮೇಲೆ ಇವೆಲ್ಲ ಮೂಲೆ ಸೇರಿದವು.

ಇಂಥವು ಬಹಳಷ್ಟು ತಯಾರಾದದ್ದು ಗಿಫು ಪ್ರಾಂತ್ಯದ ತಾಜಿಮಿಯ ತಕಾತದಲ್ಲಿ. ಮಾಡಿದ ಕುಂಬಾರನ ಹೆಸರು ಎಲ್ಲೂ ಇರುವುದಿಲ್ಲ, ಇರುವುದೆಲ್ಲ ಮಾರಿದವನದು. 1925ರಲ್ಲಿ ಜಪಾನಿನ ಕಲಾ ಚಿಂತಕ ಯಾನಾಗಿ ಸೊಯೆತ್ಸು ಮತ್ತು ಗೆಳೆಯರು 'ಮಿಂಗೇ', ಅಂದರೆ ಜನಸಾಮಾನ್ಯರ ಕಲೆ, ಎಂಬ ಪದವನ್ನು ಕಟ್ಟಿದ್ದು ಇಂಥ ಹೆಸರಿಲ್ಲದ ಕೈಗಳ ಕೆಲಸವನ್ನು ಕಂಡೇ.

ಒಂದು ಪರೀಕ್ಷೆ ಮಾಡಿ. ಅಕ್ಷರಗಳು ಮೆರುಗಿನ ಜೊತೆಗೇ ಆವಿಗೆಯಲ್ಲಿ ಬೆಂದಿರಬೇಕು. ಉಗುರಿನಿಂದ ಮೆಲ್ಲಗೆ ಕೆರೆದಾಗ ಪುಡಿ ಎದ್ದರೆ ಅದು ಆಮೇಲೆ ಯಾರೋ ಬರೆದದ್ದು.

ತೊಳೆಯಲು ಅಡ್ಡಿಯಿಲ್ಲ. ಬ್ಲೀಚಿಂಗ್ ಪುಡಿ ಬೇಡ, ಕುದಿಯುವ ನೀರೂ ಬೇಡ. ಕೂದಲೆಳೆಯ ಬಿರುಕಿದ್ದರೆ ಬಾಯಿಬಿಡುತ್ತದೆ. ಒಂದು ಹಿಡಿ ಅಕ್ಕಿ, ಚಿಟಿಕೆ ಅಡುಗೆ ಸೋಡಾ, ಉಗುರುಬೆಚ್ಚಗಿನ ನೀರು ಹಾಕಿ ಚೆನ್ನಾಗಿ ಕುಲುಕಿ, ಬಸಿದು, ಒಂದು ವಾರ ಗಾಳಿಗೆ ಬಿಡಿ. ಕತ್ತು ಕಿರಿದು, ಒಳಗೆ ಬೇಗ ಒಣಗುವುದಿಲ್ಲ. ಹೂ ಇಡುವ ಆಸೆಯಿದ್ದರೆ ಮೊದಲು ನೀರು ತುಂಬಿ ಒಂದು ರಾತ್ರಿ ಹಳೆಯ ಪತ್ರಿಕೆಯ ಮೇಲೆ ನಿಲ್ಲಿಸಿ. ಬೆಳಿಗ್ಗೆ ತಳದಡಿ ಒದ್ದೆ ಉಂಗುರ ಮೂಡಿದ್ದರೆ ಮರದ ಮೇಜಿನ ಮೇಲೆ ಇಡಬೇಡಿ.