ಓದುಗರ ಪ್ರಶ್ನೆ: ಮರಗಳ್ಳರು ಬೋಳಾಗಿಸಿದ ಗುಡ್ಡಕ್ಕೆ ಮೊದಲು ಏನು ಮಾಡಬೇಕು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಸಣ್ಣ ಊರು. ಅಡಿಕೆ ತೋಟದ ಮೇಲಿನ ಕಾಡುಗುಡ್ಡದಲ್ಲಿ ನಾಲ್ಕು ವರ್ಷಗಳ ಹಿಂದೆ ಮರಗಳ್ಳರು ಮತ್ತಿ, ನಂದಿ, ಬೀಟೆ ಮರಗಳನ್ನು ಕಡಿದು ದಿಮ್ಮಿಗಳನ್ನು ಇಳಿಜಾರಿನಲ್ಲೇ ಎಳೆದು ಸಾಗಿಸಿದರು. ಎಳೆದ ದಾರಿಗಳೆಲ್ಲ ಈಗ ಕೊರಕಲುಗಳಾಗಿವೆ. ಮಳೆಗಾಲದಲ್ಲಿ ಕೆಂಪು ನೀರು ತೋಟಕ್ಕೆ ನುಗ್ಗುತ್ತದೆ. ಹಳ್ಳ ಶಿವರಾತ್ರಿಗೆಲ್ಲ ಬತ್ತುತ್ತದೆ. ಊರಿನ ಯುವಕರು ಈ ವರ್ಷ ಜೆಸಿಬಿಯಿಂದ ಉದ್ದನೆಯ ಇಂಗುಗುಂಡಿಗಳನ್ನು ತೋಡಿಸಿ ಅಕೇಷಿಯಾ ನೆಡಬೇಕೆಂದಿದ್ದಾರೆ. ಇದು ಸರಿಯೇ?

ಉತ್ತರ: ಯುವಕರ ಕಾಳಜಿಯನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಗುಡ್ಡಕ್ಕೆ ಜೆಸಿಬಿ ಹತ್ತಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಚಿತ್ರದುರ್ಗ, ಕೋಲಾರದಂಥ ಕಡಿಮೆ ಮಳೆಯ ಸೀಮೆಗೆ ಒಪ್ಪುವ ಇಂಗುಗುಂಡಿ ಮಲೆನಾಡಿನ ಕಡಿದಾದ ಇಳಿಜಾರಿಗೆ ಒಪ್ಪುವುದಿಲ್ಲ. ನಮ್ಮಲ್ಲಿ ಜಂಬಿಟ್ಟಿಗೆಯ ಪದರದ ಕೆಳಗೆ ಅನೇಕ ಕಡೆ ಮೆತ್ತನೆಯ ಶೇಡಿಮಣ್ಣು ಇರುತ್ತದೆ. ಗುಂಡಿಗಳಲ್ಲಿ ನಿಂತ ನೀರು ಅಲ್ಲಿಗಿಳಿದು ಆ ಮಣ್ಣನ್ನು ನೆನೆಸಿದರೆ ಮೇಲಿನ ಭಾರವೆಲ್ಲ ಒಮ್ಮೆಲೇ ಜಾರಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ವಿಪರೀತ ಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಅಗೆದದ್ದೂ ಕಾರಣವಾಗಿತ್ತು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ನಾಲ್ಕು ವರ್ಷ’ ಎಂಬ ಮಾತು. ಮರ ಕಡಿದ ಕೂಡಲೇ ಗುಡ್ಡ ಸಡಿಲಾಗುವುದಿಲ್ಲ. ಸತ್ತ ಬೇರುಗಳು ಇನ್ನೂ ಕೆಲವು ಕಾಲ ಮಣ್ಣನ್ನು ಹಿಡಿದಿರುತ್ತವೆ. ಅವು ಕೊಳೆತು, ಹೊಸ ಬೇರುಗಳು ಬಲಿಯುವ ಮೊದಲಿನ ಅವಧಿಯೇ ಅಪಾಯದ್ದು, ಮತ್ತು ನೀವೀಗ ಅದೇ ಅವಧಿಯಲ್ಲಿದ್ದೀರಿ. ಆದ್ದರಿಂದ ಉಳಿದಿರುವ ಬುಡಗಳಲ್ಲಿ ಒಂದನ್ನೂ ಕೀಳಬೇಡಿ. ಮತ್ತಿ, ನಂದಿ, ಕೌಲು ಮುಂತಾದವು ಬುಡದಿಂದಲೇ ಚಿಗುರುತ್ತವೆ. ಒಂದೊಂದು ಬುಡದಲ್ಲಿ ಬಲವಾದ ಒಂದೆರಡು ಚಿಗುರುಗಳನ್ನು ಉಳಿಸಿಕೊಂಡರೆ, ಈಗಾಗಲೇ ಆಳಕ್ಕಿಳಿದಿರುವ ಬೇರಿನ ಬಲದಿಂದ ಅವು ಯಾವ ನೆಟ್ಟ ಸಸಿಗಿಂತಲೂ ಬೇಗ ಬೆಳೆಯುತ್ತವೆ.

ಮೊದಲ ಕೆಲಸ ಆಗಬೇಕಾದದ್ದು ದಿಮ್ಮಿ ಎಳೆದ ದಾರಿಗಳಲ್ಲಿ, ಅದೂ ಮೇ ತಿಂಗಳೊಳಗೆ, ಗುಡ್ಡದ ನೆತ್ತಿಯಿಂದ ಆರಂಭಿಸಿ. ಕೆಳಗಿನಿಂದ ಕಟ್ಟುತ್ತ ಹೋದರೆ ಮೊದಲ ಜಡಿಮಳೆಗೇ ಎಲ್ಲವೂ ಕೊಚ್ಚಿಹೋಗುತ್ತದೆ. ದಾರಿಗೆ ಅಡ್ಡಲಾಗಿ, ತುಸು ಓರೆಯಾಗಿ, ಬಿದ್ದ ಮರದ ತುಂಡುಗಳನ್ನು ಹೂತು ನೀರನ್ನು ಪಕ್ಕದ ಪೊದೆಗಳತ್ತ ತಿರುಗಿಸಿ. ವೇಗ ಕಳೆದುಕೊಂಡ ನೀರು ಮಣ್ಣು ಕೊರೆಯುವುದಿಲ್ಲ. ಆಳವಾಗಿರುವ ಕೊರಕಲುಗಳಲ್ಲಿ ಗೂಟಗಳ ಸಾಲು ನೆಟ್ಟು, ಅವುಗಳ ನಡುವೆ ಸೊಪ್ಪು, ಕೊಂಬೆಗಳನ್ನು ಒತ್ತಾಗಿ ತುಂಬಿ ತಡೆ ಕಟ್ಟಿ. ತಡೆಯ ನಡುಭಾಗ ಎರಡೂ ಬದಿಗಳಿಗಿಂತ ತಗ್ಗಿರಲಿ, ತುದಿಗಳು ದಂಡೆಯೊಳಕ್ಕೆ ಹೋಗಿರಲಿ. ಇಲ್ಲದಿದ್ದರೆ ನೀರು ಬದಿಯನ್ನು ಕೊರೆದುಕೊಂಡು ಹೊಸ ದಾರಿ ಮಾಡಿಕೊಳ್ಳುತ್ತದೆ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಷ್ಟು ಅಂತರ ಸಾಕು. ಗೂಟಗಳಿಗೆ ಲಕ್ಕಿ, ಹಾಲವಾಣದ ಹಸಿ ಕೊಂಬೆಗಳನ್ನೇ ಬಳಸಿದರೆ ಅವು ಬೇರು ಬಿಟ್ಟು ಜೀವಂತ ತಡೆಯಾಗುತ್ತವೆ. ತಡೆಯ ಹಿಂದೆ ನಿಂತ ಮಣ್ಣಿನ ಮೇಲೆ ಲಾವಂಚವನ್ನು ಅಡ್ಡಸಾಲಿನಲ್ಲಿ ನೆಡಬಹುದು.

ಅಕೇಷಿಯಾ ಬೇಡ. ಆಸ್ಟ್ರೇಲಿಯಾ ಮೂಲದ ಆ ಮರ ಬೇಗ ಬೆಳೆಯುವುದು ನಿಜ, ಆದರೆ ಅದರ ಒಣಎಲೆ ನಿಧಾನವಾಗಿ ಕೊಳೆಯುತ್ತದೆ, ನೆರಳಿನಲ್ಲಿ ನಮ್ಮ ಕಾಡಿನ ಸಸಿಗಳು ಕಷ್ಟದಿಂದ ಏಳುತ್ತವೆ. ಬೋಳು ಜಾಗಕ್ಕೆ ತಾನಾಗಿ ಬರುವ ಚಂದಕಲು, ಕೌಲು ಮುಂತಾದ ಗಿಡಗಳನ್ನು ಕಳೆ ಎಂದು ಸವರದಿದ್ದರೆ, ಕೆಲವು ವರ್ಷಗಳಲ್ಲಿ ಅವುಗಳ ನೆರಳಿನಲ್ಲಿ ಹೆಬ್ಬಲಸು, ಮುರುಗಲು, ಉಪ್ಪಾಗೆ ಸಸಿಗಳನ್ನು ನೆಡಬಹುದು. ಏನೂ ಚಿಗುರದ ಕಡೆ ಮಾತ್ರ ಸಣ್ಣ ಕುಣಿಗಳನ್ನು ತೋಡಿ ನೆಟ್ಟರೆ ಸಾಕು.

ಇನ್ನೊಂದು ಮಾತು ತೋಟದವರಾದ ನಿಮಗೆ ಕಷ್ಟವೆನಿಸೀತು. ಕನಿಷ್ಠ ಮೂರು ವರ್ಷ ಆ ಭಾಗದಿಂದ ತರಗೆಲೆ ಗುಡಿಸುವುದನ್ನೂ ದನ ಬಿಡುವುದನ್ನೂ ನಿಲ್ಲಿಸಿ, ಬೇಸಿಗೆಗೆ ಮುನ್ನ ಬೆಂಕಿರೇಖೆ, ಅಂದರೆ ಕಾಡ್ಗಿಚ್ಚು ದಾಟಿ ಬರದಂತೆ ಒಣಹುಲ್ಲು, ತರಗು ಸವರಿದ ಪಟ್ಟಿ, ತೆಗೆಯಿರಿ. ಮಳೆಹನಿಯ ಹೊಡೆತದಿಂದ ಬರಿಮಣ್ಣನ್ನು ಕಾಯುವುದು ಆ ತರಗೆಲೆಯೇ. ಉತ್ತರ ಕನ್ನಡದ ಸಾಲ್ಕಣಿಯಲ್ಲಿ 1983ರಲ್ಲಿ ಹುಟ್ಟಿದ ಅಪ್ಪಿಕೋ ಚಳವಳಿಯವರು ‘ಉಳಿಸು, ಬೆಳೆಸು, ಬಳಸು’ ಎಂದರು. ಆ ಮೂರು ಮಾತುಗಳ ಅನುಕ್ರಮದಲ್ಲೇ ನಿಮಗೆ ಬೇಕಾದ ಉತ್ತರವಿದೆ ಎಂದು ನನಗನಿಸುತ್ತದೆ.

ಅರಣ್ಯಭೂಮಿಯಾದ್ದರಿಂದ ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ, ಅನುಮತಿ ಪಡೆದು, ಗ್ರಾಮ ಅರಣ್ಯ ಸಮಿತಿಯ ಮೂಲಕವೇ ಕೆಲಸ ಆರಂಭಿಸಿ. ಮರಗಳ್ಳರು ಮತ್ತೆ ಬರದಂತೆ ಆ ದಾರಿಗೆ ವಾಹನ ಹೋಗದಂತೆ ಮಾಡಲು ಆಗಲೇ ಕೇಳಿಕೊಳ್ಳಿ.

ಪ್ರಶ್ನೆ: ಸಾಲುಧೂಪದ ಬೀಜಗಳನ್ನು ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿಟ್ಟು, ಮರುವರ್ಷ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ಕಾರಣವೇನು?

ಉತ್ತರ: ಒಣಗಿಸಿದ್ದೇ ಕಾರಣ. ಸಾಲುಧೂಪದ ಬೀಜದ ಜೀವ ಅದರ ತೇವದಲ್ಲಿದೆ. ಭತ್ತ, ರಾಗಿಯಂತೆ ಅದನ್ನು ಕಾಪಿಡಲಾಗದು. ಮುಂಗಾರಿನ ಆರಂಭದಲ್ಲಿ ಮರದಡಿ ಬಿದ್ದ ಬೀಜಗಳನ್ನು ಆಯ್ದು, ಕೆಲವೇ ದಿನಗಳೊಳಗೆ ಮಣ್ಣು ತುಂಬಿದ ಚೀಲಗಳಲ್ಲಿ ಊರಿ, ನೆರಳಿನಲ್ಲಿಡಿ. ಮರದಡಿ ಆಗಲೇ ಮೊಳೆತಿರುವ ಬೀಜಗಳನ್ನು ಬೇರು ಮುರಿಯದಂತೆ ಎತ್ತಿ ತಂದರೂ ಆದೀತು, ಆದರೆ ಎಲ್ಲವನ್ನೂ ತರಬೇಡಿ. ಆ ಮರದಡಿಗೂ ಒಂದಷ್ಟು ಇರಲಿ.