ಫಾರ್ಮ್‌ನಲ್ಲಿ ಇಲ್ಲದ ಪ್ರಶ್ನೆ

ಇವರನ್ನು ಗಿರಿಜಾ ಎಂದು ಕರೆಯೋಣ. ಗುರುತು ಸಿಗಬಾರದು ಎಂದು ಹೆಸರಿನ ಜೊತೆಗೆ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 43. ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಮನೆಯಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗ, 74 ವರ್ಷದ ಅತ್ತೆ. ಅತ್ತೆಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಗಿತ್ತು.

ಸಲಹೆಗೆಂದು ನನ್ನ ಹತ್ತಿರ ಬಂದವರು, ಅತ್ತೆಯ ವಿಷಯ ಕೇಳೋಕೆ ಬಂದೆ ಅಂದರು. ಮಾತ್ರೆ, ನಿದ್ದೆ, ಊಟ ಅಂತ ಹತ್ತು ನಿಮಿಷ ಮಾತಾಡಿದರು. ಆಮೇಲೆ ಬಲಗೈ ಬಳೆಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತಾ ಸುಮ್ಮನಾದರು. ಎಡಗೈಯಲ್ಲಿ ಆರು ಹಸಿರು ಗಾಜಿನ ಬಳೆ ಇದ್ದವು, ಬಲಗೈಯಲ್ಲಿ ನಾಲ್ಕೇ.

"ಎರಡು ಒಡೆದೋದ್ವು ಮೇಡಂ. ಅತ್ತೆ ಕೈ ಹಿಡಿದು ಎಳೆದೆ. ಗಾಜು ಚುಚ್ಚಿ ಅವರಿಗೆ ರಕ್ತ ಬಂತು. ನಾನೇ ಡ್ರೆಸ್ಸಿಂಗ್ ಮಾಡಿದೆ. ಅವರಿಗೆ ಅದು ನೆನಪಿಲ್ಲ. ನಂಗೆ ಮರೆಯೋಕಾಗ್ತಿಲ್ಲ."

ನಡೆದದ್ದು ಇಷ್ಟು. ಅತ್ತೆ ಮೂವತ್ತು ವರ್ಷ ಹಸು ಕಟ್ಟಿದವರು. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಡೇರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದವರು. ಹಸು ಮಾರಿ ಎರಡು ವರ್ಷ ಆಗಿದೆ. ಆದರೂ ಸಂಜೆ ನಾಲ್ಕಾಯಿತು ಅಂದರೆ ಹಾಲಿನ ಕ್ಯಾನ್ ಹುಡುಕುತ್ತಾರೆ. "ಹಸು ಇಲ್ಲ ಅತ್ತೆ, ಮಾರಿದ್ವಲ್ಲ" ಅಂದರೆ ಕಿರುಚುತ್ತಾರೆ, ಅಳುತ್ತಾರೆ. ಯಾರನ್ನ ಕೇಳಿ ಮಾರಿದ್ರಿ ಅಂತ ಜಗಳಕ್ಕೆ ಬರುತ್ತಾರೆ. ಮಾರನೇ ದಿನ ನಾಲ್ಕಕ್ಕೆ ಮತ್ತೆ ಅದೇ. ಆವತ್ತು ಬಾಗಿಲ ಚಿಲಕ ತೆಗೆದು ಹೊರಟವರನ್ನು ಗಿರಿಜಾ ಎಳೆದಿದ್ದರು. ಹಿಂದಿನ ರಾತ್ರಿ ಒಂದು ಹೆರಿಗೆ ಕೇಸ್ ಜೊತೆ ಆಸ್ಪತ್ರೆಯಲ್ಲಿದ್ದು, ಮನೆಗೆ ಬಂದು ಎರಡು ಗಂಟೆ ಮಲಗಿದ್ದರಂತೆ.

ನಾನು ಮೊದಲು ಕೇಳಿದ್ದು ಗಾಯದ ಬಗ್ಗೆ. ಆಳವಿರಲಿಲ್ಲ, ಒಣಗಿತ್ತು. ಆಮೇಲೆ ನೇರವಾಗಿ ಹೇಳಿದೆ: ಕೈ ಎಳೆದದ್ದು ತಪ್ಪು. ಅದನ್ನು ಸಣ್ಣದು ಮಾಡಿ ಹೇಳಿದ್ದರೆ ಅವರೇ ನಂಬುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಎರಡು ಬಸ್ ಹತ್ತಿ ಬಂದಿದ್ದಾರೆ. ಇನ್ನೊಮ್ಮೆ ಹಾಗೆ ಆಗದಂತೆ ತಡೆಯೋ ದಾರಿ ಇಲ್ಲಿಂದಲೇ ಶುರುವಾಗುತ್ತೆ ಎಂದೂ ಹೇಳಿದೆ.

ಗಿರಿಜಾಗೆ ಇನ್ನೊಂದು ಕೊರಗೂ ಇತ್ತು. ಮೂವತ್ತು ದಾಟಿದವರ ಮನೆಗೆ ಹೋಗಿ ಆಶಾ ತುಂಬುವ, ಆರೋಗ್ಯದ ಅಪಾಯ ಗುರುತಿಸುವ ಸಿಬ್ಯಾಕ್ ಫಾರ್ಮ್‌ನಲ್ಲಿ 60 ದಾಟಿದವರಿಗೆ ಒಂದು ಪ್ರಶ್ನೆ ಇದೆ: ಹತ್ತಿರದವರ ಹೆಸರು, ಸ್ವಂತ ಮನೆಯ ವಿಳಾಸ ಮರೆತುಹೋಗುತ್ತದೆಯೇ? ನೂರಾರು ಮನೆಯಲ್ಲಿ ಅದನ್ನು ಕೇಳಿದವರು ತಮ್ಮ ಅತ್ತೆಯ ಫಾರ್ಮ್‌ನಲ್ಲಿ ಇಲ್ಲ ಎಂದು ಬರೆದಿದ್ದರು. "ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ಅದೇ ಇರ್ಬೇಕು ಅಂದ್ಕೊಂಡೆ. ಒಂದು ವರ್ಷ ಹಾಳು ಮಾಡ್ದೆ."

ಈ ಗಾದೆ ನಮ್ಮಲ್ಲಿ ಎಷ್ಟು ಜನರ ಚಿಕಿತ್ಸೆ ತಡ ಮಾಡಿದೆಯೋ. ವಯಸ್ಸಾದರೆ ಹೆಸರು ತಕ್ಷಣ ಹೊಳೆಯದಿರುವುದು ಸಹಜ. ಮೂವತ್ತು ವರ್ಷ ಓಡಾಡಿದ ಬೀದಿಯಲ್ಲಿ ದಾರಿ ತಪ್ಪುವುದು, ಸಾರು ಮಾಡುವ ಕ್ರಮವೇ ಮರೆಯುವುದು ಸಹಜವಲ್ಲ. ಬೇಗ ತೋರಿಸಿದರೆ ಲಾಭವಿದೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ಹೆಪ್ಪುಗಟ್ಟಿದ ರಕ್ತ ಇವುಗಳಿಂದಲೂ ಮರೆವು ಬರಬಹುದು, ಇವಕ್ಕೆ ಚಿಕಿತ್ಸೆ ಇದೆ. ಗಿರಿಜಾ ಅತ್ತೆಗೆ ಇವೆಲ್ಲ ನೋಡಿಯಾಗಿತ್ತು. ಅವರದ್ದು ಡಿಮೆನ್ಷಿಯಾಕ್ಕೆ ಕಾರಣವಾಗುವ ಅಲ್ಝೈಮರ್ಸ್ ಕಾಯಿಲೆ. ಒಂದು ವರ್ಷ ಮೊದಲೇ ಬಂದಿದ್ದರೂ ಕಾಯಿಲೆ ಇದೇ ಇರುತ್ತಿತ್ತು. ಅದನ್ನು ಅವರಿಗೆ ಎರಡು ಸಲ ಹೇಳಿದೆ.

ಆಮೇಲೆ ಅವರ ಬ್ಯಾಗಿನಲ್ಲೇ ಇದ್ದ ಖಾಲಿ ಫಾರ್ಮ್ ಒಂದನ್ನು ಕೇಳಿ ತೆಗೆದುಕೊಂಡೆ. ಅದರ ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯಾ? ಮನಸ್ಸು ಕುಗ್ಗಿದೆ, ಭರವಸೆ ಇಲ್ಲ ಅನ್ನಿಸಿದೆಯಾ? ಇವನ್ನು ನಾನು ಗಿರಿಜಾಗೆ ಕೇಳಿದೆ. ಎರಡಕ್ಕೂ ಅವರ ಉತ್ತರ "ದಿನಾ". ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಸಾಯಬೇಕು ಅನ್ನಿಸುತ್ತಾ ಎಂದೂ ಬಿಡಿಸಿ ಕೇಳಿದೆ. ಇಲ್ಲ ಅಂದರು. ಮನೋವೈದ್ಯರಿಗೆ ಅದೇ ವಾರ ತೋರಿಸಲು ಚೀಟಿ ಬರೆದುಕೊಟ್ಟೆ.

ಇಲ್ಲಿ ನನ್ನ ಮನಸ್ಸಿನಲ್ಲಿರುವುದನ್ನು ಹೇಳಬೇಕು. ಮರೆವಿನ ಕಾಯಿಲೆಗೆ ನಮ್ಮ ರಾಜ್ಯ ಸುಮ್ನೆ ಕೂತಿಲ್ಲ. 2022ರಲ್ಲಿ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿತು. ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮೊದಲು ಆರಂಭವಾಗಿ, ಆಮೇಲೆ ಬೇರೆ ಜಿಲ್ಲಾ ಆಸ್ಪತ್ರೆಗಳಿಗೂ ಇದರ ಮಿದುಳು ಆರೋಗ್ಯ ಕ್ಲಿನಿಕ್ ಬಂತು. ಮುಂಚೆ ನರರೋಗ ತಜ್ಞರನ್ನು ನೋಡಬೇಕೆಂದರೆ ಎಷ್ಟೋ ಊರಿನವರು ದೊಡ್ಡ ನಗರದ ಬಸ್ಸೇ ಹತ್ತಬೇಕಿತ್ತು. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನಕ್ಕೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಅಂದರೆ ಸುಮಾರು 88 ಲಕ್ಷ ಜನ. ಬಹುಪಾಲು ಮನೆಗಳಲ್ಲಿ ಅವರ ಹಿಂದೆ ಒಬ್ಬ ಗಿರಿಜಾ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ತಂದ ಜಾಗತಿಕ ಯೋಜನೆಯ ಏಳು ಭಾಗಗಳಲ್ಲಿ ಒಂದು ಪೂರ್ತಿಯಾಗಿ ಆರೈಕೆ ಮಾಡುವವರಿಗೇ ಮೀಸಲು. ಪಕ್ಕದ ಕೇರಳ ಆಶ್ವಾಸಕಿರಣಂ ಎಂಬ ಯೋಜನೆಯಲ್ಲಿ ಹಾಸಿಗೆ ಹಿಡಿದವರನ್ನು ಪೂರ್ಣಾವಧಿ ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಗೊತ್ತು ಮಾಡಿತು. ಹಣ ತೀರಾ ಕಡಿಮೆ, ನಿಜ. ಆದರೆ ಅವರ ಹೆಸರು ಸರ್ಕಾರದ ಒಂದು ಪಟ್ಟಿಗೆ ಸೇರಿತು. ನಮ್ಮ ಆಶಾ ಒಯ್ಯುವ ಫಾರ್ಮ್ ಮರೆಯುವವರ ಬಗ್ಗೆ ಕೇಳುತ್ತದೆ. ಅವರನ್ನು ನೋಡಿಕೊಳ್ಳುವವರು ಯಾರು, ಅವರು ಹೇಗಿದ್ದಾರೆ ಅನ್ನೋ ಸಾಲು ಅದರಲ್ಲಿ ಬೇಕೇ ಬೇಕು.

ಇನ್ನು ಗಿರಿಜಾಗೆ ಕೊಟ್ಟ ಸಲಹೆ. ಹೆಚ್ಚು ಹೊತ್ತು ಮಾತಾಡಿದ್ದು ಹಾಲಿನ ಕ್ಯಾನ್ ಬಗ್ಗೆ.

ಹಸು ಮಾರಿದ ಸುದ್ದಿ ದಿನಾ ಹೇಳಬೇಡಿ ಅಂದೆ. ಅತ್ತೆಗೆ ಅದು ಪ್ರತಿ ಸಲವೂ ಹೊಸ ಸುದ್ದಿ, ಪ್ರತಿ ಸಲವೂ ಹೊಸ ಸಂಕಟ. ಸಂಜೆ ಹೊತ್ತಲ್ಲಿ ಇಂಥವರಿಗೆ ತಳಮಳ ಜಾಸ್ತಿ. ವಾದ ಮಾಡಿ ಗೆಲ್ಲೋಕಾಗಲ್ಲ. ಮೂರೂವರೆಗೇ ಕಾಫಿ ಕೊಡಿ, ಮನೆಯ ಲೈಟ್ ಹಾಕಿ, ಕ್ಯಾನ್ ಅವರ ಕೈಗೇ ಕೊಡಿ. ಡೇರಿವರೆಗೆ ನಡೆದು ವಾಪಸ್ ಬನ್ನಿ. ಡೇರಿ ಸೆಕ್ರೆಟರಿಗೆ ಮೊದಲೇ ವಿಷಯ ತಿಳಿಸಿರಿ. "ಸುಳ್ಳು ಹೇಳ್ದಂಗೆ ಆಗಲ್ವಾ ಮೇಡಂ?" ಅಂದರು. ಅವರ ಮನಸ್ಸು ಇರುವ ಹಳೇ ಕಾಲಕ್ಕೆ ನೀವೂ ಜೊತೆಗೆ ಹೋಗಿ ಬರ್ತೀರಿ, ಅಷ್ಟೇ ಅಂದೆ.

ಸಿಟ್ಟು ತಡೆಯಲಾಗದಷ್ಟು ಬಂದಾಗ ಏನು ಮಾಡಬೇಕು ಎಂದು ಮೊದಲೇ ಗೊತ್ತಿರಬೇಕು. ಒಲೆ ಆರಿಸಿ, ಬೀದಿ ಬಾಗಿಲು ಹಾಕಿ, ಹಿತ್ತಲಿಗೆ ಹೋಗಿ ನಿಲ್ಲುವುದು. ಪಕ್ಕದ ಮನೆಯವರನ್ನು ಕೂಗುವುದು. ರಾತ್ರಿಯಾದರೆ 14416ಕ್ಕೆ ಫೋನ್ ಮಾಡುವುದು. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಊರಿಗೆಲ್ಲ ಈ ನಂಬರ್ ಕೊಟ್ಟಿದ್ದ ಗಿರಿಜಾ ತಾವು ಒಮ್ಮೆಯೂ ಮಾಡಿರಲಿಲ್ಲ.

ಮಾತ್ರೆಯ ಬಗ್ಗೆ ಒಂದೇ ಮಾತು: ಅದು ಹೋದ ನೆನಪನ್ನು ತರುವುದಿಲ್ಲ, ಕೆಲವರಿಗೆ ಇರುವುದನ್ನು ಸ್ವಲ್ಪ ಕಾಲ ಹಿಡಿದಿಡುತ್ತದೆ. ಒಂದೆರಡು ದಿನದಲ್ಲೇ ಅತ್ತೆ ಇದ್ದಕ್ಕಿದ್ದಂತೆ ತೀರಾ ಬದಲಾದರೆ ಮರೆವು ಜಾಸ್ತಿಯಾಯಿತು ಎಂದು ಕೂರದೆ ಡಾಕ್ಟರಿಗೆ ತೋರಿಸಬೇಕು. ಮೂತ್ರದ ಸೋಂಕು ಇದ್ದರೂ ಹಾಗಾಗುತ್ತದೆ.

ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹೇಳಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಬಂದರೆ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಇದಕ್ಕೆ ನೆರವಾಗುವ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಗಿರಿಜಾಗೆ ಪರಿಚಯದವರೇ.

ಎರಡನೇ ಭೇಟಿಗೆ ನಾದಿನಿಯೂ ಬಂದರು. ಪಕ್ಕದೂರಿನವರು. ಅಮ್ಮನಿಗೆ ಊಟ ಹಾಕ್ತಿಲ್ಲ ಅಂತ ಅವರಿಗೆ ಅನುಮಾನ. ಅಮ್ಮ ಉಂಡು ಕೈ ತೊಳೆದ ಅರ್ಧ ಗಂಟೆಗೆ ಜಗಲಿಯಲ್ಲಿ ಕೂತು "ನಂಗೆ ಬೆಳಿಗ್ಗೆಯಿಂದ ಒಂದು ತುತ್ತೂ ಇಲ್ಲ" ಎಂದು ದಾರಿಹೋಕರಿಗೆ ಹೇಳುತ್ತಿದ್ದರು. ಉಂಡದ್ದು ಮರೆತುಹೋಗುತ್ತೆ, ಅವರು ಸುಳ್ಳು ಹೇಳ್ತಿಲ್ಲ, ನಿಮ್ಮ ಅತ್ತಿಗೆಯೂ ಹೇಳ್ತಿಲ್ಲ ಅಂತ ವಿವರಿಸಿದೆ. ಹಾಗಾದ್ರೆ ತಿಂಗಳಿಗೊಮ್ಮೆ ನಮ್ಮನೆಗೇ ಕರ್ಕೊಂಡು ಹೋಗ್ತೀನಿ ಅಂದರು. ಬೇಡ ಅಂದೆ. ಹೊಸ ಮನೆಯಲ್ಲಿ ಬಚ್ಚಲು ಎಲ್ಲಿ ಎಂದು ತಿಳಿಯದೆ ಅಮ್ಮ ಇನ್ನಷ್ಟು ಗಾಬರಿಯಾಗುತ್ತಾರೆ. ನೀವೇ ವಾರಕ್ಕೆ ಎರಡು ದಿನ ಇಲ್ಲಿ ಬಂದಿರಿ, ಆ ಎರಡು ರಾತ್ರಿ ಗಿರಿಜಾ ಬೇರೆ ಕೋಣೆಯಲ್ಲಿ ಮಲಗಲಿ ಅಂದೆ. ಒಪ್ಪಿದರು.

ಮೂರು ತಿಂಗಳಾಗಿದೆ. ಗಿರಿಜಾ ಮನೋವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ನಿದ್ದೆ ಬರುತ್ತಿದೆ. ಕೈ ಎತ್ತಿಲ್ಲ. ಎರಡು ಸಲ ಹಿತ್ತಲಿಗೆ ಹೋಗಿ ನಿಂತಿದ್ದೆ ಅಂದರು. ಡೇರಿಯಲ್ಲಿ ಸೆಕ್ರೆಟರಿ ಖಾಲಿ ಕ್ಯಾನ್ ತೆಗೆದುಕೊಂಡು, "ಅಜ್ಜಿ, ಇವತ್ತು ಹಾಲು ಚೆನ್ನಾಗೈತೆ" ಅಂತ ವಾಪಸ್ ಕೊಡುತ್ತಾರಂತೆ. ಅಷ್ಟಾದರೆ ಅತ್ತೆ ಸಮಾಧಾನವಾಗಿ ಮನೆಗೆ ಬರುತ್ತಾರೆ. ಮನೆ ಭೇಟಿಗೆ ಹೋದಾಗ ಗಿರಿಜಾ ಈಗ ಫಾರ್ಮ್ ತುಂಬಿದ ಮೇಲೆ, ಇವರನ್ನ ನೋಡ್ಕೊಳ್ಳೋದು ಯಾರು ಅಂತಲೂ ಕೇಳುತ್ತಾರೆ. ಉತ್ತರವನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ.

ನಾದಿನಿ ಎರಡು ವಾರದಿಂದ ಬಂದಿಲ್ಲ. ರಾಗಿ ಕಟಾವು ಅಂತೆ. ಗಂಡ ಇನ್ನೂ "ನೀನೇ ಆಶಾ ಅಲ್ವಾ, ನಿಂಗೇ ಗೊತ್ತಿರುತ್ತೆ" ಅನ್ನುತ್ತಿದ್ದಾರೆ. ಮುಂದಿನ ಭೇಟಿಗೆ ಅವರೇ ಅಮ್ಮನನ್ನು ಕರೆದುಕೊಂಡು ಬರಲಿ ಎಂದು ಹೇಳಿ ಕಳಿಸಿದ್ದೇನೆ.