ಹೊಲದ ಕೆಲಸ ಮಾಡಿದರೆ ಟಿಬಿ ಹೋಗುತ್ತಾ?

ಪತ್ರ: ನಮ್ಮ ಯಜಮಾನರಿಗೆ ಟಿಬಿ. ಗುಳಿಗೆ ಶುರುವಾಗಿ ಒಂದು ತಿಂಗಳಾಯಿತು. ಹಿಂದೆ ಈ ರೋಗಕ್ಕೆ ಬಯಲು ಗಾಳಿಯಲ್ಲಿ ಹೊಲದ ಕೆಲಸವೇ ಔಷಧಿಯಾಗಿತ್ತು, ಮಲಗಿದಷ್ಟೂ ರೋಗ ಜಾಸ್ತಿ ಅಂತ ನಮ್ಮ ಮಾವ ಹೇಳುತ್ತಾರೆ. ಗದ್ದೆಗೆ ಕಳಿಸಬಹುದಾ?
– ಓದುಗರು, ಸಿಂಧನೂರು ತಾಲೂಕು

ಸಂಪಾದಕರ ಉತ್ತರ: ನಿಮ್ಮ ಮಾವನವರ ಮಾತಿನಲ್ಲಿ ನಿಜ ಇದೆ. ಆದರೆ ಅವರ ಕಿವಿಗೆ ಬಿದ್ದಿರುವುದು ಅರ್ಧ. ಉಳಿದರ್ಧ ಓದಿ ಹೇಳಿ, ಮಗನನ್ನು ಅವರೇ ಈಗ ಗದ್ದೆಗೆ ಬಿಡುವುದಿಲ್ಲ.

1882ರಲ್ಲಿ ರಾಬರ್ಟ್ ಕಾಕ್ ಟಿಬಿ ರೋಗಾಣುವನ್ನು ಪತ್ತೆ ಮಾಡಿದರು. ಅದನ್ನು ಕೊಲ್ಲುವ ಔಷಧಿ ಬರಲು ಮತ್ತೆ 60 ವರ್ಷ ಹಿಡಿಯಿತು. ಅಲ್ಲಿಯವರೆಗೆ ಡಾಕ್ಟರರ ಕೈಯಲ್ಲಿ ಇದ್ದದ್ದು ಒಳ್ಳೆಯ ಗಾಳಿ, ಹೊಟ್ಟೆ ತುಂಬ ಊಟ, ವಿಶ್ರಾಂತಿ. ಸ್ಯಾನಟೋರಿಯಂಗಳು, ಅಂದರೆ ಟಿಬಿ ರೋಗಿಗಳನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಆಸ್ಪತ್ರೆಗಳು, ಹುಟ್ಟಿದ್ದೇ ಹಾಗೆ. ಬಳ್ಳಾರಿಯ ವೆಲ್ಲೆಸ್ಲಿ ಸ್ಯಾನಟೋರಿಯಂ ಹೆಸರು ನಿಮ್ಮ ಮಾವನವರೂ ಕೇಳಿರಬೇಕು.

ಕೆಲಸವನ್ನೇ ಮದ್ದು ಮಾಡಿದವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಫ್ರಿಮ್ಲಿ ಸ್ಯಾನಟೋರಿಯಂನ ಡಾ. ಮಾರ್ಕಸ್ ಪ್ಯಾಟರ್ಸನ್. 1905ರ ನಂತರದ ಮಾತು ಇದು. ಬಂದವರ ಕೈಗೆ ಅವರು ತಕ್ಷಣ ಸಲಿಕೆ ಕೊಡಲಿಲ್ಲ. ಮೊದಲು ಹಾಸಿಗೆ. ಜ್ವರ ಇಳಿದ ಮೇಲೆ ನಡಿಗೆ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ದೂರ. ಆಮೇಲೆ 5-6 ಕಿಲೋ ಮಣ್ಣಿನ ಬುಟ್ಟಿ ಹೊರುವುದು. ಅದು ಮೈಗೆ ಒಗ್ಗಿದರೆ ಸಣ್ಣ ಸಲಿಕೆ, ನಂತರ ದೊಡ್ಡ ಸಲಿಕೆ, ಕಡೆಗೆ ಪಿಕಾಸಿ. ಥರ್ಮಾಮೀಟರ್ ಸದಾ ಜೊತೆಗೇ. ಮೈ ಬಿಸಿ 99 ಡಿಗ್ರಿ ದಾಟಿತೋ, ಮತ್ತೆ ಹಾಸಿಗೆಗೆ. ಅದೂ ರೋಗ ತೀರಾ ಬಲಿಯದವರನ್ನು ಆರಿಸಿ ಮಾಡಿಸುತ್ತಿದ್ದದ್ದು. ನಮ್ಮ ಕಡೆಯ ಬಿಸಿಲಲ್ಲಿ ಕೂಲಿ ಲೆಕ್ಕದಲ್ಲಿ ದುಡಿಯುವುದಕ್ಕೂ ಇದಕ್ಕೂ ಯಾವ ಹೋಲಿಕೆ, ಹೇಳಿ?

ನನ್ನ ಮನಸ್ಸಿಗೆ ಜಾಸ್ತಿ ತಟ್ಟುವುದು ಇಂಗ್ಲೆಂಡಿನದೇ ಪ್ಯಾಪ್‌ವರ್ತ್ ಊರಿನ ಕಥೆ. ವ್ಯಾರಿಯರ್-ಜೋನ್ಸ್ ಎಂಬ ಡಾಕ್ಟರು 1918ರಲ್ಲಿ ಅಲ್ಲಿ ರೋಗಿಗಳಿಗಾಗಿಯೇ ಒಂದು ಊರು ಬೆಳೆಸಿದರು. ಸ್ಯಾನಟೋರಿಯಂನಲ್ಲಿ ಚೇತರಿಸಿಕೊಂಡವನು ಅದೇ ಹಸಿವು, ಅದೇ ಹೊತ್ತುಗೊತ್ತಿಲ್ಲದ ದುಡಿಮೆಗೆ ವಾಪಸ್ ಹೋದರೆ ರೋಗ ಮರಳುತ್ತಿತ್ತು. ಹಾಗಾಗಿ ಅಲ್ಲಿ ಮನೆ ಕೊಟ್ಟರು, ಹೆಂಡತಿ ಮಕ್ಕಳನ್ನು ಜೊತೆಗಿರಿಸಿದರು, ಆಗುವಷ್ಟು ಕೆಲಸ ಕೊಟ್ಟು ಸಂಬಳ ಕೊಟ್ಟರು. ಅಂದಿನಿಂದ ನಾವು ಕಲಿಯಬೇಕಾದದ್ದು ಏನಾದರೂ ಇದ್ದರೆ ಇದು. ಮನೆಯಲ್ಲಿ ಅಕ್ಕಿ ಬೇಳೆ ಇದೆಯಾ ಅಂತ ಕೇಳದೆ ರೋಗಿಗೆ ಸುಮ್ನೆ "ರೆಸ್ಟ್ ತಗೊಳ್ಳಿ" ಅನ್ನುವುದು ಅನ್ಯಾಯ.

ಔಷಧಿ ಬಂದ ಮೇಲೆ ಚಿತ್ರವೇ ಬದಲಾಯಿತು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನದಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿ, ಕೆಲವರನ್ನು ಮನೆಯಲ್ಲೇ ಇಟ್ಟು ಒಂದೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರ ಊಟ ಸಾಧಾರಣ, ಮನೆಗಳು ಇಕ್ಕಟ್ಟು. ಆದರೂ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಗುಣ ಕಂಡಿತು. ಗುಣ ಮಾಡಿದ್ದು ಗುಳಿಗೆ.

ಆದ್ದರಿಂದ ಯಜಮಾನರು ಗುಳಿಗೆ ಒಂದು ದಿನವೂ ತಪ್ಪಿಸದೆ ಡಾಕ್ಟರು ನಿಲ್ಲಿಸಿ ಅನ್ನುವವರೆಗೆ ನುಂಗಲಿ. ಸಾಮಾನ್ಯವಾಗಿ 6 ತಿಂಗಳು. ಎರಡು ತಿಂಗಳಿಗೆ ಮತ್ತೆ ಕಫ ಪರೀಕ್ಷೆ ಮಾಡುತ್ತಾರೆ. ಜ್ವರ ಹೋಗಿ ತೂಕ ಏರುತ್ತಿದ್ದರೆ ಹಗುರ ಕೆಲಸದ ಬಗ್ಗೆ ಆಗ ಡಾಕ್ಟರನ್ನೇ ಕೇಳಿ. ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವುದು, ರಾಶಿ ಮಾಡುವಾಗ ಧೂಳಲ್ಲಿ ನಿಲ್ಲುವುದು ಸದ್ಯ ಬೇಡವೇ ಬೇಡ. ಬಯಲು ಗಾಳಿ ಬೇಕಾದರೆ ಬೇವಿನ ಮರದ ಕೆಳಗೆ ಮಂಚ ಹಾಕಿ ಕೂರಲಿ. ಮನೆಯ ಕಿಟಕಿ ತೆರೆದಿರಲಿ, ಉಳಿದವರಿಗೂ ಅದು ಒಳ್ಳೆಯದು. ಊಟಕ್ಕೆಂದು ಸರ್ಕಾರ ತಿಂಗಳಿಗೆ 1000 ರೂಪಾಯಿ ಲೆಕ್ಕದಲ್ಲಿ ಖಾತೆಗೆ ಹಾಕುತ್ತದೆ. ನಿಮಗೆ ಬಂದಿಲ್ಲದಿದ್ದರೆ ಪಾಸ್‌ಬುಕ್ ಹಿಡಿದುಕೊಂಡು ನಾಳೆಯೇ ಆಶಾ ಕಾರ್ಯಕರ್ತೆಯನ್ನು ಕಾಣಿ.